ಸಿಮೆಂಟಿನಿಂದ ಸಮುದ್ರದ ತಳಕ್ಕೆ

ಫಜೀತಿ ಎಲ್ಲರಿಗೂ ಆಗುತ್ತೆ, ಇಲ್ಲ ಅಂತಲ್ಲ. ಆದರೆ ನನಗೆ ಆಗೋ ಹಾಗೆ ಒಂದಾದ ಮೇಲೊಂದು, ಟೈಂಟೇಬಲ್ ಹಾಕಿದಂತೆ ಬೇರೆ ಯಾರಿಗೂ ಆಗಿದ್ದನ್ನ ನಾನು ಕಾಣೆ. ಭದ್ರಾವತಿಯ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನದ ಮೇಡಂ. ಮನೆ ಶಿವಮೊಗ್ಗದಲ್ಲಿ, ರಾಗಿಗುಡ್ಡದ ಕಡೆ. ದಿನಾ ಬಸ್ಸಿನಲ್ಲಿ ಓಡಾಟ. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚುವ ಹೊತ್ತಿಗೆ ಯಾರಾದರೂ ಹೊಸ ಟೀಚರ್ ಇದ್ದರೆ ಸಾಕು, ಉಳಿದವರೆಲ್ಲ ಸೇರಿಕೊಂಡು "ಮೇಡಂ, ಆ ನೀರಿನ ಕಥೆ ಒಂದ್ಸಲ ಹೇಳಿಬಿಡಿ" ಅಂತ ಶುರುಮಾಡ್ತಾರೆ. ಹೇಳಿ ಹೇಳಿ ನನ್ನ ಚಪಾತಿ ತಣ್ಣಗಾಗಿದ್ದೇ ಬಂತು. ಅದಕ್ಕೇ ಬರೆದಿಟ್ಟುಬಿಡೋಣ ಅಂತ ಕೂತಿದ್ದೀನಿ. ಇನ್ಮೇಲೆ ಕೇಳಿದವರ ಕೈಗೆ ಇದನ್ನ ಕೊಟ್ಟು ನಾನು ಊಟ ಮಾಡ್ತೀನಿ.

೧. ನಮ್ಮೆಜಮಾನ್ರು ಹೆಸರು ಕೊಟ್ಟಿದ್ದು

ನಮ್ಮೆಜಮಾನ್ರದು ಶಿವಮೊಗ್ಗದಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ. ಮೊಬೈಲು ಬರೀ ಮಾತಾಡೋಕೆ ಅಂತ ಇದ್ದ ಕಾಲ ಅದು. ಆಗ ಸಿಮೆಂಟು ಕಂಪನಿಗಳಲ್ಲಿ ಒಂದು ಪದ್ಧತಿ ಇತ್ತು. ವರ್ಷದ ಟಾರ್ಗೆಟ್ ಮುಟ್ಟಿದ ಡೀಲರುಗಳನ್ನೆಲ್ಲ ಗುಂಪು ಕಟ್ಟಿ ಫಾರಿನ್ ಟೂರಿಗೆ ಕರ್ಕೊಂಡು ಹೋಗೋರು. ಮೊದಮೊದಲು ಗಂಡಸರೇ ಹೋಗಿ ಬರ್ತಿದ್ದರು. ಬಂದ ಮೇಲೆ ಅವರು ಹೇಳಿದ್ದು ಸ್ವಲ್ಪ, ಹೇಳದೇ ಬಿಟ್ಟಿದ್ದು ಜಾಸ್ತಿ ಅಂತ ಹೆಂಡತಿಯರಿಗೆ ಅನುಮಾನ ಬಂದು ಎಲ್ಲಾ ಊರಲ್ಲೂ ಗಲಾಟೆ ಆಗಿರಬೇಕು. ಆ ವರ್ಷ ಕಂಪನಿಯವರು "ಈ ಸಲ ದಂಪತಿ ಸಮೇತ, ಥಾಯ್ಲೆಂಡ್" ಅಂದರು.

ಹನ್ನೆರಡು ಡೀಲರುಗಳು, ಹನ್ನೆರಡು ಹೆಂಡತಿಯರು, ಸುಮಾರು ಮೂವತ್ತು ಕೆಜಿ ಚಟ್ನಿಪುಡಿ ಮತ್ತು ಅವಲಕ್ಕಿ. ಹೀಗೆ ಹೊರಟಿತು ನಮ್ಮ ಸವಾರಿ. ಎರಡನೇ ದಿನ ಗೈಡು ಒಂದು ಪಟ್ಟಿ ಹಿಡ್ಕೊಂಡು ಬಂದ. ನಾಳೆ ದ್ವೀಪಕ್ಕೆ ಹೋಗ್ತೀವಿ, ಬೇಕಾದವರು ಸ್ಕೂಬಾ ಡೈವಿಂಗ್ ಮಾಡಬಹುದು, ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿ ಸಮುದ್ರದೊಳಗೆ ಇಳಿಸ್ತಾರೆ, ಕಂಪನಿ ಲೆಕ್ಕದಲ್ಲೇ, ಅಂದ. ದಾವಣಗೆರೆ ಡೀಲರು ತಕ್ಷಣ ಕೈ ಎತ್ತಿದರು. ವ್ಯಾಪಾರದಲ್ಲಿ ಅವರಿಗೂ ನಮ್ಮವರಿಗೂ ಮೊದಲಿಂದ ಜಿದ್ದು. ನಮ್ಮವರು ಏನು ಎತ್ತ ಅಂತ ಕೂಡ ಕೇಳದೆ, "ನಂದೂ ಬರ್ಕಳಪ್ಪಾ" ಅಂದುಬಿಟ್ಟರು.

ಮಾರನೇ ದಿನ ದೋಣಿಯಲ್ಲಿ ದಾವಣಗೆರೆಯವರು ದಬಾರ್ ಅಂತ ನೀರಿಗೆ ಬಿದ್ದರು. ಮುಂದಿನ ಹೆಸರು ನಮ್ಮವರದು. ಅವರು ಒಂದ್ಸಲ ನೀರು ನೋಡಿದರು, ಒಂದ್ಸಲ ನನ್ನನ್ನ ನೋಡಿದರು. "ಮಾರಾಯ್ತಿ, ನನಗೆ ಬಿಪಿ ಇದೆ ಅಲ್ವೇನೇ?" ಅಂದರು.

"ನಿಮಗೆಲ್ಲಿ ಬಿಪಿ? ಹೋದ ವಾರ ಡಾಕ್ಟರು ಎಲ್ಲಾ ಸರಿ ಇದೆ ಅಂದ್ರಲ್ರೀ."

"ಈಗ ಬಂದಿದೆ."

ಹನ್ನೊಂದು ಡೀಲರುಗಳ ಎದುರು ಮರ್ಯಾದೆ ಪ್ರಶ್ನೆ. ನನಗೋ, ಕಂಪನಿಯವರು ಕೊಟ್ಟಿದ್ದು ಹಾಳಾಗುತ್ತಲ್ಲ ಅಂತ ಸಂಕಟ. ಎಂಥ ಊಟ ಆದರೂ ಎಲೆಯಲ್ಲಿ ಬಿಡೋ ಜಾತಿ ನಾವಲ್ಲ. "ಬಿಡಿ, ನಾನೇ ಹೋಗ್ತೀನಿ" ಅಂದೆ. ನನ್ನ ನಲವತ್ತಮೂರು ವರ್ಷದಲ್ಲಿ ಮಂಡಿಗಿಂತ ಮೇಲೆ ನೀರು ಬಂದಿದ್ದು ಶಿವಮೊಗ್ಗದ ಬಸ್‌ಸ್ಟ್ಯಾಂಡಿನಲ್ಲಿ, ಒಂದು ಮಳೆಗಾಲದಲ್ಲಿ ಮಾತ್ರ.

೨. ಪಿನ್ನುಗಳ ಪಂಚಾಯ್ತಿ

ದೋಣಿಯಲ್ಲಿ ನಮಗೆ ಕಲಿಸೋಕೆ ಇದ್ದವನು ಆರಡಿ ಎತ್ತರದ ಒಬ್ಬ ಬಿಳಿಯ, ಕೆಂಪು ಮೀಸೆ. ಯಾವುದೋ ಚಳಿ ದೇಶದವನು. ನಾವೆಲ್ಲ ಅವನಿಗೆ ಮಾಸ್ತರು ಅಂತಲೇ ಹೆಸರಿಟ್ಟಿದ್ದೆವು. ನಗೋದು ಅಂದರೇನು ಅಂತ ಅವನ ಮುಖಕ್ಕೆ ಗೊತ್ತಿರಲಿಲ್ಲ. ಪರೀಕ್ಷೆ ಸ್ಕ್ವಾಡಿನವರ ಮುಖ ಅದು. ನನ್ನ ಕಡೆ ಒಂದು ಕರಿ ರಬ್ಬರಿನ ಅಂಗಿ ಎಸೆದ. ಚೂಡಿದಾರದ ಮೇಲೇ ಹಾಕ್ಕೊಂಡೆ. ಹಾಕ್ಕೊಂಡೆ ಅನ್ನೋದು ತಪ್ಪು. ಮೂರು ಜನ ಡೀಲರ್ ಹೆಂಡತಿಯರು ಸೇರಿ, ಕವರಿಗೆ ದಿಂಬು ತುರುಕಿದ ಹಾಗೆ ನನ್ನನ್ನ ಅದರೊಳಗೆ ತುರುಕಿದರು.

ಆಮೇಲೆ ಮಾಸ್ತರು, ಮೈಮೇಲೆ ಚೂಪಾದ್ದು ಏನಿದ್ದರೂ ತೆಗಿ ಅಂದ. ನಾನು ಕರಿಮಣಿ ಸರದಿಂದ ಸೇಫ್ಟಿ ಪಿನ್ನು ಬಿಚ್ಚತೊಡಗಿದೆ. ಒಂದು, ಎರಡು, ಐದು. ಬಳೆಯಲ್ಲಿ ಎರಡು. ಅವನ ಕಣ್ಣು ದೊಡ್ಡದಾಯ್ತು. ಒಂದು ಸ್ಟೀಲ್ ಬಟ್ಟಲು ತಂದು ಹಿಡಿದ. ನನ್ನನ್ನ ನೋಡಿ ಪಕ್ಕದಲ್ಲಿದ್ದ ದಾವಣಗೆರೆಯಾಕೆ ತಮ್ಮದೂ ಬಿಚ್ಚಿದರು. ಅವರಿಗೆ ಯಾರೂ ಹೇಳಿರಲಿಲ್ಲ, ಅವರು ನೀರಿಗೆ ಇಳೀತಾನೂ ಇರಲಿಲ್ಲ. ಮಿಕ್ಕವರೂ ಬಿಚ್ಚಿದರು. ಎಲ್ಲರೂ ತೆಗೀತಾ ಇದ್ದಾರೆ ಅಂದರೆ ಏನೋ ನಿಯಮ ಇರಬೇಕು ಅಂತ. ಬಟ್ಟಲು ಅರ್ಧ ತುಂಬಿತು.

ಮಾಸ್ತರು ಒಂದು ಪಿನ್ನು ಎತ್ತಿ, ನಾನು ಹಾಕ್ಕೋಬೇಕಾಗಿದ್ದ ಗಾಳಿ ತುಂಬೋ ಜಾಕೆಟ್ಟಿನ ಹತ್ತಿರ ಹಿಡಿದು, ಬಾಯಲ್ಲಿ "ಪುಸ್ಸ್" ಅಂದು ತೋರಿಸಿದ. ಸಮುದ್ರದ ನಡುವೆ ಜಾಕೆಟ್ ಪುಸ್ಸ್ ಆದರೆ ನನ್ನ ಗತಿ ಏನು ಅಂತ ಎಲ್ಲರಿಗೂ ಅರ್ಥ ಆಯ್ತು. ತಾಳಿಯನ್ನೂ ತೆಗೀಬೇಕಾ ಅಂತ ಕೇಳಿದೆ. ಅವನು ಬಟ್ಟಲನ್ನೂ ನನ್ನನ್ನೂ ನೋಡಿ, ಬೇಡ, ಅಂಗಿ ಒಳಗೆ ಹಾಕ್ಕೋ ಅಂದ. ಬಹುಶಃ ಅದರಿಂದ ಇನ್ನೂ ಏನೇನು ಹೊರಗೆ ಬರುತ್ತೋ ಅಂತ ಹೆದರಿರಬೇಕು.

ವಾಪಸ್ ಬಂದಾಗ ಬಟ್ಟಲು ಖಾಲಿ. ಏಳು ಪಿನ್ನು ಕೊಟ್ಟವಳಿಗೆ ಒಂದೂ ಸಿಗಲಿಲ್ಲ. ಹನ್ನೊಂದು ಹೆಂಗಸರ ಸೆರಗು ಮಾತ್ರ ಟೂರು ಮುಗಿಯೋವರೆಗೂ ಅಲ್ಲಾಡಲಿಲ್ಲ.

೩. ತಲೆ ಅಲ್ಲಾಡಿಸಿ ಕೆಟ್ಟೆ

ನೀರೊಳಗೆ ಮಾತಿಲ್ಲ, ಕೈಸನ್ನೆ ಮಾತ್ರ. ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿದರೆ "ಎಲ್ಲಾ ಸರಿ ಇದೆಯಾ" ಅಂತ. ನಾನೂ ಅದೇ ಉಂಗುರ ತೋರಿಸಬೇಕು. ಪಾಠ ಚೆನ್ನಾಗೇ ಕೇಳಿಸ್ಕೊಂಡಿದ್ದೆ.

ನಾಲ್ಕು ಮೀಟರು ಇಳಿದೆವು. ಮಾಸ್ತರು ಉಂಗುರ ತೋರಿಸಿದ. ನಾನು "ಹ್ಞೂಂ, ಎಲ್ಲಾ ಚೆನ್ನಾಗಿದೆ" ಅಂತ ತಲೆ ಅಲ್ಲಾಡಿಸಿದೆ. ನಮ್ಮ ಕಡೆ ಅಲ್ಲಾಡಿಸ್ತೀವಲ್ಲ, ಆ ಕಡೆ ಈ ಕಡೆ ವಾಲಿಸಿ, ಹಾಗೆ. ಅವನು ಗಾಬರಿಯಾಗಿ ನನ್ನ ತೋಳು ಹಿಡಿದು ದಡದಡ ಮೇಲಕ್ಕೆ ಎಳ್ಕೊಂಡು ಬಂದ. "ಏನಾಯ್ತು? ಏನು ತೊಂದರೆ?" ಅಂದ. "ಏನೂ ಇಲ್ಲ, ಚೆನ್ನಾಗಿತ್ತು" ಅಂದೆ. ಮತ್ತೆ ಇಳಿದೆವು. ಮತ್ತೆ ಕೇಳಿದ. ಮತ್ತೆ ನನ್ನ ತಲೆ ತಾನಾಗಿಯೇ ವಾಲಿತು. ಮತ್ತೆ ಮೇಲಕ್ಕೆ. ದೋಣಿಯಲ್ಲಿದ್ದ ನಮ್ಮೆಜಮಾನ್ರು, "ಏನೇ ಇದು, ಬಕೆಟ್ ಅದ್ದಿ ತೆಗ್ದಂಗೆ ತೆಗೀತಾವ್ನೆ ನಿನ್ನ?" ಅಂತ ಕೂಗಿದರು.

ಮೂರನೇ ಸಲ ಮಾಸ್ತರು ಇಳಿದ ತಕ್ಷಣ ಒಂದು ಕೈಯಲ್ಲಿ ನನ್ನ ತಲೆ ಗಟ್ಟಿಯಾಗಿ ಹಿಡ್ಕೊಂಡ. ಇನ್ನೊಂದು ಕೈಯಲ್ಲಿ ಪ್ರಶ್ನೆ ಕೇಳಿದ. ತಲೆಗೆ ದಾರಿ ಇಲ್ಲದೆ ಬೆರಳು ಉತ್ತರ ಕೊಟ್ಟಿತು. ಆಮೇಲೆ ಬಿಟ್ಟ.

ಬಿಟ್ಟ ಮೇಲೆ ನಾನು ಸುತ್ತ ನೋಡಿದೆ. ಅಯ್ಯೋ ಶಿವನೇ! ಹೇಗೆ ಹೇಳಲಿ ಅದನ್ನ. ಹದಿನೆಂಟು ವರ್ಷ ಕಪ್ಪು ಹಲಗೆ ಮೇಲೆ ಬಿಳಿ ಚಾಕ್‌ಪೀಸಿನಲ್ಲಿ ಹವಳ ಬರೆದು "ಇದು ಪ್ರಾಣಿ, ಗಿಡ ಅಲ್ಲ" ಅಂತ ಹೇಳಿದ್ದೆ. ಅದು ಇಷ್ಟೊಂದು ಬಣ್ಣದ್ದು ಅಂತ ನನಗೇ ಗೊತ್ತಿರಲಿಲ್ಲ. ಹಳದಿ ಪಟ್ಟೆಯ ಒಂದಷ್ಟು ಮೀನು ಬಂದು ನನ್ನ ಮುಖದ ಗಾಜಿನ ಎದುರು ನಿಂತು ನನ್ನನ್ನೇ ನೋಡಿದವು. ನಾವು ಹುಟ್ಟಿದಾಗಿಂದ ಮೀನು ಮೊಟ್ಟೆ ಮುಟ್ಟದ ಮನೆತನದವರು. ಇವಳಿಂದ ಏನೂ ತೊಂದರೆ ಇಲ್ಲ ಅಂತ ಅವಕ್ಕೆ ಹೇಗೋ ಗೊತ್ತಾಗಿತ್ತು. ಕುಕ್ಕರ್ ವಿಸಿಲ್ ಇಲ್ಲ, ಬೆಲ್ ಇಲ್ಲ, ಕಂಡಕ್ಟರ್ ಇಲ್ಲ, "ಸಾರಿಗೆ ಉಪ್ಪು ಕಮ್ಮಿ" ಅನ್ನೋರಿಲ್ಲ. ನನ್ನ ಉಸಿರಿನ ಸದ್ದು ಬಿಟ್ಟರೆ ಏನೂ ಇಲ್ಲ. ಕಣ್ಣಲ್ಲಿ ನೀರು ಬಂತು. ಸುತ್ತ ಅಷ್ಟೊಂದು ನೀರಿದ್ದರೂ ಅದು ನನ್ನದೇ ಅಂತ ನನಗೆ ಗೊತ್ತಾಯ್ತು.

ಇಪ್ಪತ್ತು ನಿಮಿಷಕ್ಕೆ ಮಾಸ್ತರು ಮೇಲೆ ಹೋಗೋಣ ಅಂತ ಹೆಬ್ಬೆರಳು ಎತ್ತಿದ. ನಾನು ಐದು ಬೆರಳು ತೋರಿಸಿದೆ, ಐದೇ ನಿಮಿಷ. ಅವನು ಒಪ್ಪಲಿಲ್ಲ. ಕೈ ಮುಗಿದೆ. ಒಪ್ಪಲಿಲ್ಲ. ಬಂಡೆ ಹಿಡ್ಕೊಂಡೆ. ಬೆಲ್ ಹೊಡೆದ ಮೇಲೂ ಉತ್ತರ ಪತ್ರಿಕೆ ಬಿಡದ ಹುಡುಗಿಯರ ಕೈಯಿಂದ ನಾನು ಹೇಗೆ ಕಿತ್ಕೊಳ್ತಿದ್ದೆನೋ, ಹಾಗೇ ಅವನು ನನ್ನನ್ನ ಬಂಡೆಯಿಂದ ಕಿತ್ಕೊಂಡು ಮೇಲೆ ತಂದ.

೪. ಎತ್ತರದ ತುಳಸಿಕಟ್ಟೆಗಳು

ದೋಣಿಗೆ ಬಂದವಳೇ ಮಾಸ್ತರನ್ನ ಹಿಡ್ಕೊಂಡೆ. ಇನ್ನೊಂದ್ಸಲ ಬರಬೇಕಾದರೆ ಏನು ಮಾಡಬೇಕು? ಹೀಗೆ ಕೈ ಹಿಡಿಸ್ಕೊಂಡು ಅಲ್ಲ, ನಾನೇ ನಾನಾಗಿ? ಅವನು ಹೇಳಿದ: ನಾಲ್ಕು ದಿನದ ಕೋರ್ಸಿದೆ. ಪಾಸಾದರೆ ಕಾರ್ಡು ಕೊಡ್ತೀವಿ, ಆಮೇಲೆ ಪ್ರಪಂಚದ ಯಾವ ಸಮುದ್ರದಲ್ಲಾದರೂ ಇಳೀಬಹುದು. ಆದರೆ ಮೊದಲು ಈಜು ಕಲಿ. ಮತ್ತೆ ಸಮುದ್ರದ ತಳದಲ್ಲಿ ಮುಖದ ಮಾಸ್ಕ್ ಪೂರ್ತಿ ತೆಗೆದು, ಮತ್ತೆ ಹಾಕ್ಕೊಂಡು, ಮೂಗಿನಿಂದ ಊದಿ ಒಳಗಿನ ನೀರು ಖಾಲಿ ಮಾಡಬೇಕು. ನೋಡೋಣ ಅಂತ ಅಲ್ಲೇ ನನ್ನ ಮಾಸ್ಕಿಗೆ ಒಂದು ಬೊಗಸೆ ನೀರು ಬಿಟ್ಟ. ನೀರು ಮೂಗಿಗೆ ತಾಗಿದ್ದೇ ತಡ, ನಾನು ಕಿರುಚಿದ್ದು ಎರಡು ದೋಣಿ ಆಚೆಗೂ ಕೇಳಿಸಿತಂತೆ.

ಆದರೂ ಆಸೆ ಬಿಡಲಿಲ್ಲ. ಆ ಕಾರ್ಡು ನನಗೆ ಬೇಕು ಅಂದರೆ ಬೇಕು. ಮೇಡಂ, ಸೊಸೆ, ಅಂಗಡಿಯವರ ಹೆಂಡತಿ, ಇದೆಲ್ಲ ಆಗಿತ್ತು. ಇದೊಂದು ನನ್ನದೇ ಅಂತ ಬೇಕಿತ್ತು.

ಮತ್ತೆ ಥಾಯ್ಲೆಂಡಿಗೆ ಹೋಗೋಕೆ ನಮ್ಮಂಥವರಿಗೆ ಇದ್ದಿದ್ದು ಒಂದೇ ದಾರಿ, ಸಿಮೆಂಟು. ಟಾರ್ಗೆಟ್ ಮುಟ್ಟಬೇಕು. ಭಾನುವಾರ ಬೆಳಗ್ಗೆ ನಾನೇ ಅಂಗಡಿಯಲ್ಲಿ ಕೂರೋಕೆ ಶುರುಮಾಡಿದೆ. ನಮ್ಮೆಜಮಾನ್ರು ಗಿರಾಕಿ ಕೇಳಿದ್ದು ಕೊಟ್ಟು ಕಳಿಸೋ ಮನುಷ್ಯ. ನಾನು ಹಾಗಲ್ಲ. ಆಯನೂರಿನಿಂದ ಒಬ್ಬರು ಕೊಟ್ಟಿಗೆ ಬಾಗಿಲಿಗೆ ಎರಡು ಚಿಲಕ ತಗೊಳ್ಳೋಕೆ ಬಂದರು. "ಕೊಟ್ಟಿಗೆ ನೆಲ ಹೇಗಿದೆ?" ಅಂತ ಕೇಳಿದೆ. "ಮಣ್ಣಿಂದು ಮೇಡಂ." "ಅಯ್ಯೋ, ಹಸುವಿನ ಗೊರಸು ಏನಾಗಬೇಕು?" ಅಂತ ಕಾಲು ಗಂಟೆ ಪಾಠ ಮಾಡಿದೆ. ಹದಿನೈದು ಮೂಟೆ ಹೇರ್ಕೊಂಡು ಹೋದರು. ಚಿಲಕ ಮರೆತೇ ಹೋದರು.

ನಮ್ಮ ಬೀದಿಯ ಹೆಂಗಸರಿಗೆ ತುಳಸಿಕಟ್ಟೆ ಎಷ್ಟು ಎತ್ತರ ಇದ್ದರೆ ಅಷ್ಟು ಚೆನ್ನ, ಬೀದಿನಾಯಿ ಮುಟ್ಟಲ್ಲ ಅಂದೆ. ಒಬ್ಬರು ಕಟ್ಟಿಸಿದರು. ಅವರಿಗಿಂತ ಅರ್ಧ ಅಡಿ ಎತ್ತರಕ್ಕೆ ಪಕ್ಕದವರು ಕಟ್ಟಿಸಿದರು. ಅದಕ್ಕಿಂತ ಎತ್ತರಕ್ಕೆ ಎದುರಿನವರು. ಈಗಲೂ ನಮ್ಮ ಬೀದಿಗೆ ಸಂಜೆ ಬಂದು ನೋಡಿ, ಎಲ್ಲರ ಮನೆ ಮುಂದೂ ಸ್ಟೂಲ್ ಹಾಕ್ಕೊಂಡು ದೀಪ ಹಚ್ತಾರೆ.

೫. ಡಾಕ್ಟರ ಸರ್ಟಿಫಿಕೇಟು

ಕೋರ್ಸಿಗೆ ಸೇರಬೇಕಾದರೆ ಡಾಕ್ಟರು ಸಹಿ ಹಾಕಿದ ಫಾರಂ ಬೇಕಿತ್ತು. ಭದ್ರಾವತಿಯಲ್ಲಿ ನಮ್ಮ ಸ್ಕೂಲಿನ ಹತ್ತಿರದ ಡಾಕ್ಟರ ಬಳಿ ಹೋದೆ. ವಯಸ್ಸಾದವರು, ನಮ್ಮ ಮೇಡಂಗಳಿಗೆಲ್ಲ ಅವರೇ ಗತಿ. ಫಾರಂ ಓದ್ತಾ ಹೋದರು. ಕಿವಿ ನೋವು? ಇಲ್ಲ. ಉಬ್ಬಸ? ಇಲ್ಲ. "ಪ್ರಯಾಣದಲ್ಲಿ ತಲೆ ಸುತ್ತು, ವಾಂತಿ?" ಅಂತ ಓದಿ, ಕನ್ನಡಕ ಇಳಿಸಿ ನನ್ನನ್ನ ನೋಡಿದರು.

"ಶಿವಮೊಗ್ಗ ಭದ್ರಾವತಿ ಬಸ್ಸಲ್ಲಿ ಎಷ್ಟು ವರ್ಷದಿಂದ ಓಡಾಡ್ತಿದ್ದೀರಿ?"

"ಹದಿನೆಂಟು ವರ್ಷ ಆಯ್ತು ಸಾರ್."

"ಕೂತ್ಕೊಂಡೋ, ನಿಂತ್ಕೊಂಡೋ?"

"ನಿಂತ್ಕೊಂಡು."

ಡಾಕ್ಟರು ಮುಂದಿನ ಮೂವತ್ತು ಪ್ರಶ್ನೆ ಓದಲೇ ಇಲ್ಲ. ಕೆಳಗೆ ಸಹಿ ಹಾಕಿ ಸೀಲು ಒತ್ತಿದರು.

೬. "ಮಿಸ್, ಗಮನ ಇಲ್ಲಿರಲಿ!"

ಈಜು ಕಲಿಸಿದ್ದು ನಮ್ಮ ಪಿ.ಟಿ. ಮೇಡಂ. ಭದ್ರಾವತಿ ಕಾರ್ಖಾನೆ ಕಾಲೋನಿಯಲ್ಲಿ ಬೆಳೆದವಳು, ಮನೆಮಾತು ತಮಿಳು, ನನಗಿಂತ ಹದಿನೈದು ವರ್ಷ ಚಿಕ್ಕವಳು. ಶಿವಮೊಗ್ಗದ ಈಜುಕೊಳದಲ್ಲಿ ಶನಿವಾರ ಮಧ್ಯಾಹ್ನ ಹೆಂಗಸರ ಸಮಯ. "ಬನ್ನಿ ಅಕ್ಕಾ, ಎರಡೇ ತಿಂಗಳು, ಮೀನ್ ಮಾದಿರಿ ಹೋಗ್ತೀರಾ" ಅಂತ ಧೈರ್ಯ ಕೊಟ್ಟಳು. ಎರಡು ತಿಂಗಳಲ್ಲಿ ನಾನು ಕಲಿತಿದ್ದು ಕೊಳದ ಅಂಚಿನ ಕಂಬಿ ಹಿಡ್ಕೊಂಡು ಕಾಲು ಬಡಿಯೋದು. ಕಂಬಿ ಬಿಟ್ಟರೆ ನೇರ ಕೆಳಗೆ.

ಒಂದು ಶನಿವಾರ ನೋಡ್ತೀನಿ, ನಮ್ಮ ಸ್ಕೂಲಿನ ಒಂಬತ್ತನೇ ಕ್ಲಾಸಿನ ಆರು ಹುಡುಗಿಯರು ಬಂದಿದ್ದಾರೆ. ಅವರೆಲ್ಲ ಹಿಂದಿನ ಬೆಂಚಿನವರು. ತೇಲುವ ವಸ್ತುಗಳ ನಿಯಮ ಹೇಳು ಅಂದರೆ ಬಾಯಿ ಬಿಡದವರು. ಅವರು ಆ ತುದಿಯಿಂದ ಈ ತುದಿಗೆ ಸರಸರ ಈಜಿ ಬಂದು, ಕಂಬಿ ಹಿಡ್ಕೊಂಡಿದ್ದ ನನ್ನ ಸುತ್ತ ತೇಲ್ತಾ ನಿಂತರು.

"ಮಿಸ್, ಕೈ ಬಿಡಿ ಮಿಸ್."

"ಬಿಡ್ತೀನಿ, ನೀವು ಹೋಗಿ."

"ಮಿಸ್, ಭಯ ಯಾಕೆ? ನಿನ್ನೆ ಮನೇಲಿ ಓದ್ಕೊಂಡು ಬಂದಿಲ್ವಾ?" ಅಂದಳು ಒಬ್ಬಳು.

"ಮಿಸ್, ಆ ಕಡೆ ಈ ಕಡೆ ನೋಡ್ಬೇಡಿ, ಗಮನ ಇಲ್ಲಿರಲಿ!" ಅಂದಳು ಇನ್ನೊಬ್ಬಳು.

ಪ್ರತಿಯೊಂದೂ ನನ್ನದೇ ಮಾತು, ನನ್ನದೇ ರಾಗ. ಪಿ.ಟಿ. ಮೇಡಂ ನಗು ತಡೀಲಾರದೆ ನೀರೊಳಗೆ ಮುಳುಗಿ ಕೂತಳು. ಆ ಅವಮಾನಕ್ಕೇ ಕಂಬಿ ಬಿಟ್ಟೆ. ಹುಡುಗಿಯರಿಂದ ದೂರ ಹೋಗಬೇಕು ಅಂತ ಕೈಕಾಲು ಬಡಿದೆ, ಹೋದೆ, ಹೋಗ್ತಾನೇ ಇದ್ದೆ. ಆ ತುದಿ ಮುಟ್ಟಿದ ಮೇಲೆಯೇ ನಾನು ಈಜಿದ್ದು ಅಂತ ಗೊತ್ತಾಗಿದ್ದು. ಆ ಸಲದ ಕಿರುಪರೀಕ್ಷೆಯಲ್ಲಿ ಆರೂ ಜನಕ್ಕೆ ತೇಲುವ ನಿಯಮದ ಪ್ರಶ್ನೆಗೆ ಪೂರ್ತಿ ಅಂಕ ಹಾಕಿದೆ, ಉತ್ತರ ಓದಲಿಲ್ಲ.

೭. ಸಂಪಿನೊಳಗೆ

ಈಜು ಬಂತು. ಸಿಮೆಂಟೂ ಟಾರ್ಗೆಟ್ ಮುಟ್ಟಿತು. ಕಂಪನಿಯವರು ಈ ಸಲವೂ ಅದೇ ಊರು ಅಂದರು. ಇನ್ನುಳಿದಿದ್ದು ಆ ಮಾಸ್ಕ್ ಒಂದೇ. ನೀರು ಮೂಗಿಗೆ ತಾಗಿದರೆ ಪ್ರಾಣ ಹೋದ ಹಾಗೆ ಆಗ್ತಿತ್ತು. ಈಜುಕೊಳದಲ್ಲಿ ಎಲ್ಲರ ಎದುರು ಅಭ್ಯಾಸ ಮಾಡೋಕೆ ನಾಚಿಕೆ. ಆಗ ಕಣ್ಣಿಗೆ ಬಿದ್ದಿದ್ದು ನಮ್ಮನೆ ಅಂಗಳದ ಸಂಪು. ನಲ್ಲಿ ನೀರು ದಿನ ಬಿಟ್ಟು ದಿನ ಬರ್ತಿದ್ದರಿಂದ ದೊಡ್ಡದಾಗೇ ಕಟ್ಟಿಸಿದ್ದರು, ಎದೆಮಟ್ಟ ನೀರು.

ಒಂದು ಬೆಳಗ್ಗೆ ಅತ್ತೆ ದೇವಸ್ಥಾನಕ್ಕೆ ಹೋಗಿದ್ದರು. ಹಳೇ ಚೂಡಿದಾರ ಹಾಕ್ಕೊಂಡೆ, ಉಟ್ಟಿದ್ದ ಸೀರೆ ಮಡಿಸಿ ಕಟ್ಟೆ ಮೇಲಿಟ್ಟೆ, ಚಪ್ಪಲಿ ಬಿಟ್ಟೆ, ಮುಚ್ಚಳ ತೆಗೆದು ಏಣಿ ಇಳಿದೆ. ಮುಖಕ್ಕೆ ಹೋದ ಟೂರಿನಲ್ಲಿ ಕೊಂಡು ತಂದಿದ್ದ ಮಾಸ್ಕು, ಉಸಿರಾಡೋಕೆ ಬಾಯಲ್ಲಿ ಗಿಡಕ್ಕೆ ನೀರು ಹಾಕೋ ಪೈಪಿನ ತುಂಡು. ಒಂದಡಿಗಿಂತ ಆಳ ಹೋದರೆ ಪೈಪಿನಲ್ಲಿ ಉಸಿರು ಎಳೆಯೋಕೆ ಆಗಲ್ಲ ಅಂತ ವಿಜ್ಞಾನದ ಮೇಡಂಗೆ ಗೊತ್ತಿತ್ತು, ಹಾಗಾಗಿ ತಲೆ ಮುಳುಗೋವಷ್ಟೇ ಕೂತೆ.

ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ ನೋಡಿದ್ದಾರೆ. ಸಂಪಿನ ಮುಚ್ಚಳ ತೆಗೆದಿದೆ. ಪಕ್ಕದಲ್ಲಿ ಚಪ್ಪಲಿ. ಮಡಿಸಿಟ್ಟ ಸೀರೆ. ಮೇಡಂ ಇಲ್ಲ. "ಅಯ್ಯಯ್ಯೋ, ಬನ್ರೋ! ಮೇಡಂ ಸಂಪಿಗೆ ಬಿದ್ಬಿಟ್ರು!" ಅಂತ ಬಾಯಿ ಬಡ್ಕೊಂಡರು. ಬೀದಿಗೆ ಬೀದಿಯೇ ಬಂತು. ಒಬ್ಬರು ಅಂಗಡಿಗೆ ಫೋನು, ಒಬ್ಬರು ಹಗ್ಗಕ್ಕೆ ಓಟ. "ಮೊನ್ನೆ ಮೊನ್ನೆ ನಗ್ತಾ ಮಾತಾಡಿದ್ರು, ನಮ್ಮ ತುಳಸಿಕಟ್ಟೆಗೆ ಅವರೇ ಸಿಮೆಂಟು ಕೊಟ್ಟಿದ್ದು" ಅಂತ ಎದುರು ಮನೆಯವರು ಅಳೋಕೇ ಶುರು. ನನಗೆ ನೀರೊಳಗೆ ಇದ್ಯಾವುದೂ ಕೇಳಿಸಿಲ್ಲ. ಮಾಸ್ಕ್ ಸ್ವಲ್ಪ ಸಡಿಲ ಮಾಡಿದೆ, ನೀರು ಮೂಗಿಗೆ ತಾಗಿತು, ಎಂದಿನಂತೆ ಜೀವ ಬಾಯಿಗೆ ಬಂದು ದಡಕ್ಕನೆ ಎದ್ದು ತಲೆ ಹೊರಗೆ ಹಾಕಿದೆ. ಕೆದರಿದ ಕೂದಲು, ಮುಖದ ತುಂಬ ಗಾಜು, ಬಾಯಿಂದ ನೇತಾಡೋ ಹಸಿರು ಪೈಪು. ಬಗ್ಗಿ ನೋಡ್ತಿದ್ದವರು ದಿಕ್ಕಾಪಾಲಾದರು. ಹಗ್ಗ ತಂದವರು ಹಗ್ಗ ಅಲ್ಲೇ ಬಿಟ್ಟು ಓಡಿದರು.

ಆ ಹೊತ್ತಿಗೆ ಸರಿಯಾಗಿ ಅತ್ತೆ ಹಣ್ಣುಕಾಯಿ ಬುಟ್ಟಿ ಹಿಡ್ಕೊಂಡು ಬಂದರು. ನನ್ನನ್ನ ನೋಡಿದರು, ಸಂಪು ನೋಡಿದರು. ಪೆಟ್ಟಾಯ್ತಾ, ಬಿದ್ಯಾ, ಒಂದೂ ಇಲ್ಲ.

"ಕುಡಿಯೋ ನೀರಲ್ಲೇನೇ?"

ಸಂಪು ಪೂರ್ತಿ ಖಾಲಿ ಮಾಡಿಸಿದರು, ತಿಕ್ಕಿ ತೊಳೆಸಿದರು. ಎರಡು ದಿನ ಬೀದಿಯವರ ಮನೆಯಿಂದ ಕೊಡ ಹೊತ್ತೆ. ಟೂರಿಗೆ ಹೊರಡೋ ದಿನ ಕಾಲಿಗೆ ನಮಸ್ಕಾರ ಮಾಡಿದರೆ ಅತ್ತೆ ತಲೆ ಮೇಲೆ ಕೈ ಇಟ್ಟು ಹೇಳಿದರು: "ಹೋಗಿ ಬಾರಮ್ಮ. ಅಲ್ಲೇ ಎಷ್ಟು ಬೇಕೋ ಅಷ್ಟು ಮುಳುಗು. ಅದನ್ನ ಯಾರೂ ಕುಡಿಯಲ್ಲ."

೮. ಮಾಸ್ತರ ಮುಖ

ಅದೇ ದ್ವೀಪ, ಅದೇ ದೋಣಿ, ಅದೇ ನಗದ ಮಾಸ್ತರು. ಉಳಿದ ಡೀಲರುಗಳು ಊರು ಸುತ್ತೋಕೆ ಹೋದರು. ನಾನು ಕೋರ್ಸಿಗೆ. ನನ್ನ ಜೊತೆ ಇನ್ನಿಬ್ಬರು ಹುಡುಗರು, ಇಬ್ಬರೂ ಬಿಳಿಯರು, ನನ್ನ ಮಗನ ವಯಸ್ಸು. ನಮ್ಮೆಜಮಾನ್ರು ದಿನಾ ದೋಣಿಯಲ್ಲಿ ಕೂತು ಕಾಯೋರು. ನೀರು ನೋಡಬಾರದು ಅಂತ ಆಕಾಶ ನೋಡ್ತಾ ಕೂರೋರು.

ಮೊದಲ ಮೂರು ದಿನ ಎಲ್ಲದರಲ್ಲೂ ಪಾಸು. ಈಜು ಪಾಸು, ಬರೆಯೋ ಪರೀಕ್ಷೆಯಲ್ಲಿ ಆ ಹುಡುಗರಿಗಿಂತ ಜಾಸ್ತಿ ಅಂಕ. ಮಾಸ್ಕಿನ ಸರದಿ ಬಂದಾಗ ಮಾತ್ರ ಅದೇ ಕಥೆ. ಮೂರನೇ ದಿನ ಸಮುದ್ರದ ತಳದಲ್ಲಿ ಮಾಸ್ಕ್ ಅರ್ಧ ತೆಗೆದವಳು ಹುಚ್ಚು ಹಿಡಿದ ಹಾಗೆ ಮೇಲಕ್ಕೆ ಹೊರಟೆ. ಮಾಸ್ತರು ಕಾಲು ಹಿಡಿದು ನಿಲ್ಲಿಸಿ, ನಿಧಾನವಾಗಿ ತಂದ. ದೋಣಿಯಲ್ಲಿ ಹೇಳಿದ, "ನಾಳೆ ಕೊನೇ ದಿನ. ಆಗಲಿಲ್ಲ ಅಂದರೆ ಕಾರ್ಡು ಕೊಡೋಕೆ ಆಗಲ್ಲ."

ಆ ದಿನ ಹೋಟೆಲಿನಲ್ಲಿ ಅತ್ತುಬಿಟ್ಟೆ. ನಮ್ಮೆಜಮಾನ್ರು ಚಟ್ನಿಪುಡಿ ಕಲಸಿದ ಅವಲಕ್ಕಿ ತಂದು ಮುಂದಿಟ್ಟು, "ಬಿಡು ಮಾರಾಯ್ತಿ, ಯಾರು ಕೇಳ್ತಾರೆ ನಿನ್ನ ಕಾರ್ಡು? ನಾನಂತೂ ಕೇಳಲ್ಲ" ಅಂದರು. ಸಮಾಧಾನಕ್ಕೆ ಹೇಳಿದ್ದೇ. ಆದರೆ ಹದಿನೈದು ಮೂಟೆ ಸಿಮೆಂಟು ಹೇರ್ಕೊಂಡು ಹೋದ ಆಯನೂರಿನವರು, ಕೊಳದ ಹುಡುಗಿಯರು, ಎಲ್ಲರೂ ಕಣ್ಮುಂದೆ ಬಂದರು. ಸೋತು ಹೋಗಿ ಸ್ಟಾಫ್ ರೂಮಿನಲ್ಲಿ ಏನು ಹೇಳಲಿ?

ಮಾರನೇ ದಿನ ಇಳಿದೆವು. ಮರಳಿನ ಮೇಲೆ ಮೂರು ಜನ ಮಂಡಿಯೂರಿದೆವು. ಹುಡುಗರಿಬ್ಬರೂ ಸಲೀಸಾಗಿ ಮುಗಿಸಿದರು. ಮಾಸ್ತರು ನನ್ನ ಎದುರು ಬಂದು, ಮುಖಕ್ಕೆ ಮುಖ ಕೊಟ್ಟು ಕೂತು, ನನ್ನ ಜಾಕೆಟ್ ಗಟ್ಟಿಯಾಗಿ ಹಿಡ್ಕೊಂಡ. ಓಡಿಹೋಗದಿರಲಿ ಅಂತ. ತೆಗಿ ಅಂತ ಸನ್ನೆ ಮಾಡಿದ.

ಆಗ ನನಗೆ ನಾನೇ ಹೇಳ್ಕೊಂಡೆ: ಇದು ಸಮುದ್ರ ಅಲ್ಲ. ಇದು ನಮ್ಮನೆ ಬಚ್ಚಲು. ಸ್ಕೂಲಿಗೆ ಹೊತ್ತಾಗಿದೆ, ಬಸ್ಸಿದೆ, ಮುಖ ತೊಳೀತಾ ಇದ್ದೀನಿ, ಸೋಪು ಕಣ್ಣಿಗೆ ಹೋಗದ ಹಾಗೆ ಕಣ್ಣು ಮುಚ್ಚಿದ್ದೀನಿ, ಅಷ್ಟೇ. ಕಣ್ಣು ಮುಚ್ಚಿದೆ. ಮಾಸ್ಕ್ ತೆಗೆದೆ. ತಣ್ಣೀರು ಮುಖದ ತುಂಬ ಬಂತು. ಇದು ಬಚ್ಚಲು, ಇದು ಬಚ್ಚಲು. ಬಾಯಲ್ಲಿ ಉಸಿರು ಎಳೆದೆ, ಬಿಟ್ಟೆ. ಗಾಬರಿಯೇ ಆಗಲಿಲ್ಲ. ಆರಾಮಾಗಿ ಮಾಸ್ಕ್ ಹಾಕ್ಕೊಂಡೆ, ಪಟ್ಟಿ ಸರಿ ಮಾಡ್ಕೊಂಡೆ, ತಲೆ ಎತ್ತಿ ಮೂಗಿನಿಂದ ಊದಿದೆ. ನೀರೆಲ್ಲ ಹೋಯ್ತು. ಕಣ್ಣು ಬಿಟ್ಟೆ.

ಎದುರಿಗೆ ಮಾಸ್ತರು. ಅವನ ಮಾಸ್ಕಿನ ಗಾಜಿನ ಮೇಲೆ, ಸರಿಯಾಗಿ ಎರಡು ಹುಬ್ಬಿನ ನಡುವೆ, ದುಂಡಗೆ ಒಂದು ಕೆಂಪು ಸ್ಟಿಕ್ಕರ್ ಬೊಟ್ಟು.

ಅರೆ, ಇವನು ಯಾವಾಗ ಬೊಟ್ಟು ಇಟ್ಕೊಂಡ ಅಂತ ಒಂದು ಕ್ಷಣ ನಾನೂ ಯೋಚಿಸಿದೆ. ಆಮೇಲೆ ಹೊಳೀತು. ಮುಖ ತೊಳೆಯೋ ಮುಂಚೆ ಯಾವ ಹೆಂಗಸಾದರೂ ಏನು ಮಾಡ್ತಾಳೆ? ಹಣೆಯ ಬೊಟ್ಟು ಕಿತ್ತು ಎದುರಿಗಿರೋ ಕನ್ನಡಿಗೆ ಅಂಟಿಸ್ತಾಳೆ. ನನ್ನ ಕೈ ತನ್ನ ಪಾಡಿಗೆ ತಾನು ಕಿತ್ತಿದೆ, ಮುಂದೆ ಚಾಚಿದೆ, ಸಿಕ್ಕ ಗಾಜಿಗೆ ಹೆಬ್ಬೆರಳಿಂದ ಒತ್ತಿ ಅಂಟಿಸಿದೆ. ನನಗೇ ಗೊತ್ತಿಲ್ಲ.

ಹುಡುಗರಿಬ್ಬರ ಬಾಯಿಂದ ಗುಳ್ಳೆಗಳು ಅನ್ನ ಕುದ್ದ ಹಾಗೆ ಏಳ್ತಿದ್ದವು. ಮಾಸ್ತರು ತಡ್ಕೊಂಡ, ತಡ್ಕೊಂಡ. ಆಮೇಲೆ ಆ ಕೆಂಪು ಮೀಸೆ ನಡುಗಿತು, ಕೆನ್ನೆ ಅಗಲ ಆಯ್ತು. ನಕ್ಕುಬಿಟ್ಟ! ನಕ್ಕರೆ ಮಾಸ್ಕಿನ ರಬ್ಬರು ಕೆನ್ನೆಯಿಂದ ಬಿಡುತ್ತೆ, ನೀರು ನುಗ್ಗುತ್ತೆ. ಅವನ ಮಾಸ್ಕಿಗೂ ಕಣ್ಣಿನ ತನಕ ನೀರು ತುಂಬಿತು. ಅವನು ಊದಿ ಖಾಲಿ ಮಾಡಿದ, ನನ್ನನ್ನ ನೋಡಿದ, ಮತ್ತೆ ನಗು, ಮತ್ತೆ ನೀರು. ನಾಲ್ಕು ಸಲ ಆದ ಮೇಲೆ, ಒಂದು ಕೈಯಲ್ಲಿ ಮಾಸ್ಕ್ ಒತ್ತಿ ಹಿಡ್ಕೊಂಡು, ಇನ್ನೊಂದು ಕೈ ಚಾಚಿ ನನ್ನ ಕೈ ಕುಲುಕಿದ. ಪಾಸು.

ನೀರ ಮೇಲೆ ಬಂದೆವು. ನಮ್ಮೆಜಮಾನ್ರು ಪಾಪ, ಒಂದು ಗಂಟೆಯಿಂದ ಆಕಾಶ ನೋಡ್ತಾ ಕಂಡ ದೇವರಿಗೆಲ್ಲ ಹರಕೆ ಹೊತ್ತು ಕೂತಿದ್ದರು. ಸದ್ದು ಕೇಳಿ ಬಗ್ಗಿ ನೋಡಿದರು. ಮೊದಲು ಏಣಿ ಹತ್ತಿದ್ದು ಮಾಸ್ತರು, ಅವನ ಹುಬ್ಬಿನ ನಡುವೆ ಕೆಂಪು ಬೊಟ್ಟು. ಎರಡು ವರ್ಷದಲ್ಲಿ ಒಂದು ಸಲವೂ ನಗದ ಮನುಷ್ಯ ಹೊಟ್ಟೆ ಹಿಡ್ಕೊಂಡು ನಗ್ತಿದ್ದಾನೆ. ಹಿಂದೆ ನಾನು, ಬೋಳು ಹಣೆ, ಮುಖದ ತುಂಬ ಖುಷಿ.

ನಮ್ಮೆಜಮಾನ್ರು ಅವನ ಮುಖ ನೋಡಿದರು, ನನ್ನ ಹಣೆ ನೋಡಿದರು, ಮತ್ತೆ ಅವನ ಮುಖ ನೋಡಿದರು.

"ಏನೇ ನಡೀತು ಕೆಳಗೆ?"

"ಪಾಸಾದೆ ಕಣ್ರೀ!" ಅಂದೆ.